ಶಂಕ್ರಮ್ಮನ ಸಾರಿನ ಸೌಟು

ಚೆನ್ನೈಯ ಪುರಸೈವಾಕ್ಕದ ಆ ಮೂರು ಮಾಳಿಗೆಯ ಕಟ್ಟಡದಲ್ಲಿ ಯಾರ ಮನೆಯ ಅಳಿಯ ಎಷ್ಟು ಹೊತ್ತಿಗೆ ಬಂದು ಎಷ್ಟು ಬೇಗ ಹೋದ, ಯಾರ ಗೋಧಿಹಿಟ್ಟಿನಲ್ಲಿ ಹುಳ ಎದ್ದಿದೆ ಎಂಬುದೆಲ್ಲ ಮೊದಲು ಶಂಕ್ರಮ್ಮನಿಗೆ ಗೊತ್ತಾಗುತ್ತದೆ, ಆಮೇಲೆ ಆಯಾ ಮನೆಯವರಿಗೆ. ಇದನ್ನು ಯಾರಾದರೂ ಚಾಡಿ ಎಂದರೆ ಆಕೆಗೆ ಸಿಟ್ಟು ಬರುತ್ತದೆ. ತಾನು ಯಾರ ಮನೆಯಲ್ಲೂ ಮೂಗು ತೂರಿಸುವವಳಲ್ಲ, ಬಾಗಿಲು ತೆಗೆದಿಟ್ಟುಕೊಂಡು ಕಾಳು ಆರಿಸುತ್ತ ಕೂತರೆ ಸುದ್ದಿಗಳೇ ಬಂದು ಮೂಗಿಗೆ ಬಡಿದರೆ ತಾನೇನು ಮಾಡಲಿ ಎಂಬುದು ಆಕೆಯ ವಾದ. ವಾದದಲ್ಲಿ ಶಂಕ್ರಮ್ಮನನ್ನು ಗೆದ್ದವರನ್ನು ನಾನಂತೂ ಕಂಡಿಲ್ಲ.

ಆಕೆಗೀಗ ಅರವತ್ತೈದು. ತವರು ಗದುಗಿನ ಹತ್ತಿರದ ರೋಣ. ಇಪ್ಪತ್ತೊಂದನೆಯ ವಯಸ್ಸಿಗೆ ಮದುವೆಯಾಗಿ, ಒಂದು ಟ್ರಂಕು ತುಂಬ ಪಾತ್ರೆಗಳೊಂದಿಗೆ ಚೆನ್ನೈಗೆ ಬಂದವಳು. ಅಳಿಯ ಖುಷಿಪಡಲಿ ಎಂದು ಅವಳಪ್ಪ ಆ ಪಾತ್ರೆಗಳ ಮೇಲೆಲ್ಲ, ತಂಬಿಗೆಯಿಂದ ಹಿಡಿದು ಸಾರಿನ ಸೌಟಿನ ತನಕ, ಸೋಮಲಿಂಗಪ್ಪ ಎಂದು ಕನ್ನಡದಲ್ಲಿ ಕೊರೆಸಿದ್ದರು. ಅಳಿಯ ಖುಷಿಪಟ್ಟನೋ ಬಿಟ್ಟನೋ, ಶಂಕ್ರಮ್ಮ ಮಾತ್ರ ದಿನಾ ಬೆಳಿಗ್ಗೆ ಗಂಡನ ಹೆಸರನ್ನು ಸೋಪು ಹಚ್ಚಿ ಗಸಗಸ ತಿಕ್ಕುವುದರಲ್ಲಿ ಒಂದು ಸುಖ ಕಂಡುಕೊಂಡಿದ್ದಳು. ತಮಿಳು ಕಲಿತದ್ದು ಸೊಪ್ಪು ಮಾರುವವಳ ಹತ್ತಿರ. ಚೌಕಾಸಿಗೆ, ನಗೆಗೆ, ಬಸ್ಸಿನ ಕಂಡಕ್ಟರನನ್ನು ಗದರಿಸುವುದಕ್ಕೆ ಆ ತಮಿಳು ಧಾರಾಳವಾಗಿ ಸಾಲುತ್ತದೆ. ಗಾಬರಿಯಾದಾಗ, ನಾಚಿಕೆಯಾದಾಗ ಮಾತ್ರ ಅದು ಕೈಕೊಡುತ್ತದೆ. ಆಗ ಬಾಯಿಂದ ಬರುವುದು ರೋಣದ ಕನ್ನಡವೊಂದೇ. ಎಗ್ಮೋರಿನಲ್ಲಿ ಸಂಸಾರ ಹೂಡಿರುವ ಮಗಳು ಬಿಂದು ಅಮ್ಮನ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದು ಅಭ್ಯಾಸವಾಗಿಹೋಗಿದೆ.

ಗಂಡ ಸೋಮಲಿಂಗಪ್ಪನವರು ವಿಮಾ ಕಂಪನಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿದ್ದವರು. ಮಳೆ ಬಂದು ಸೌಕಾರ್‌ಪೇಟೆಯಲ್ಲೋ ಪ್ಯಾರೀಸ್ ಕಾರ್ನರಿನಲ್ಲೋ ಯಾರದಾದರೂ ಗೋಡೌನು ಸೋರಿದರೆ ಇವರು ಹೋಗಿ ನೋಡಬೇಕು. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ಬಡಿದು, ಕಣ್ಣು ಮುಚ್ಚಿ ಆಲಿಸಿ, ನೀರು ಎಲ್ಲಿಂದ ಬಂತು, ಯಾರ ತಪ್ಪಿನಿಂದ ಬಂತು ಎಂದು ಹೇಳಿಬಿಡುತ್ತಿದ್ದರು. ತಪ್ಪು ಯಾವಾಗಲೂ ಮನೆಯವರದೇ ಆಗಿರುತ್ತಿತ್ತು. "ಪೈಪಿನ್ಯಾಗಿನ ಕಸಕ್ಕೇನು ಕಾಲದಾವೇನು? ಯಾರೋ ಹಾಕಿರ್ತಾರ," ಎನ್ನುವುದು ಅವರ ಮಾತು. ಒಮ್ಮೆ ನೋಟುಬುಕ್ಕಿನ ವ್ಯಾಪಾರಿಯೊಬ್ಬರು, ಸಾರ್, ಪೈಪಿನಲ್ಲಿ ಪಾರಿವಾಳ ಗೂಡು ಕಟ್ಟಿಬಿಟ್ಟಿತ್ತು ಎಂದು ಕೈ ಮುಗಿದರೆ, ಪಾರಿವಾಳಕ್ಕೆ ಪಾಲಿಸಿ ಇಲ್ಲ ಎಂದು ಬರೆದು ಬಂದವರು. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಒಂದು ಮಾತು ಮಾತ್ರ ನಿಜ, ಅವರು ಇಡೀ ಸರ್ವೀಸಿನಲ್ಲಿ ಒಂದಕ್ಷರ ಸುಳ್ಳು ಬರೆದವರಲ್ಲ. ಹಾಗೆಯೇ ಇಡೀ ಸರ್ವೀಸಿನಲ್ಲಿ ಯಾವ ಪೈಪಿನೊಳಗೂ ಕೈ ಹಾಕಿದವರಲ್ಲ. ಎಲ್ಲವನ್ನೂ ಪೆನ್ನಿನ ತುದಿಯಿಂದ ತೋರಿಸುವುದು ಅವರ ಪದ್ಧತಿ.

ಮೇಲಿನ ಮಾಳಿಗೆಯಲ್ಲಿ ಎರಡೇ ಮನೆ. ಒಂದು ಇವರದು, ಎದುರಿನದು ಭವಾನಿಯದು. ಭವಾನಿ ತುಮಕೂರಿನ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ, ಗಂಡ ರೈಲ್ವೆಯಲ್ಲಿ. ತಾರಸಿಯ ಮೇಲೆ ಅವಳ ಮೂವತ್ತೆರಡು ಕುಂಡಗಳಿವೆ. ಕಣಗಿಲೆ, ದಾಸವಾಳ, ತವರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ನಂದಿಬಟ್ಟಲು, ನೀಲಿ ಡ್ರಮ್ಮೊಂದನ್ನು ಅರ್ಧಕ್ಕೆ ಕುಯ್ದು ಅದರಲ್ಲಿ ಬೆಳೆಸಿದ ಬಿಲ್ವದ ಗಿಡ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ಬಾಳೆಲೆಯ ತುಂಡಿನಲ್ಲಿ ಹೂವು, ಪತ್ರೆ ಹಿಡಿದುಕೊಂಡು ಶಂಕ್ರಮ್ಮನ ಬಾಗಿಲಿಗೆ ಬರುತ್ತಾಳೆ. ಆರು ವರ್ಷದಿಂದ ಶಂಕ್ರಮ್ಮನ ಲಿಂಗಪೂಜೆ ನಡೆಯುತ್ತಿರುವುದು ಈ ಹೂವಿನಲ್ಲೇ.

ಪೂಜೆಯೇನೋ ಸರಿ. ಮಾರನೆಯ ದಿನ ತೆಗೆದ ಹೂಪತ್ರೆಗಳನ್ನು, ಅಂದರೆ ನಿರ್ಮಾಲ್ಯವನ್ನು, ಏನು ಮಾಡುವುದು? ಅದನ್ನು ಯಾರ ಕಾಲೂ ತುಳಿಯಬಾರದು. ರೋಣದಲ್ಲಾದರೆ ಹಿತ್ತಲಿತ್ತು. ಇಲ್ಲಿ ಕಸದ ಗಾಡಿಯೊಂದೇ, ಅದರಲ್ಲಿ ಮೀನಿನ ತಲೆಗಳೂ ಇರುತ್ತವೆ. ಶಿವನ ಮೇಲೆ ಕೂತು ಇಳಿದ ಹೂವನ್ನು ಮೀನಿನ ತಲೆಯ ಜೊತೆ ಕಳಿಸಲು ಶಂಕ್ರಮ್ಮನ ಮನಸ್ಸು ಸುತರಾಂ ಒಪ್ಪಲಿಲ್ಲ. ಹಾಗಾಗಿ ವರ್ಷಗಟ್ಟಲೆ ಐವತ್ತನಾಲ್ಕು ಮೆಟ್ಟಿಲಿಳಿದು, ಎರಡು ಬೀದಿ ದಾಟಿ, ಶಿವನ ಗುಡಿಯ ಹಿಂದಿನ ಬಿಲ್ವದ ಬುಡಕ್ಕೆ ಹಾಕಿ ಬರುತ್ತಿದ್ದಳು. ಹೋದ ವರ್ಷ ಮೊಣಕಾಲು ಮುಷ್ಕರ ಹೂಡಿತು. ಕೆಳಗಿಳಿಯಲು ಐವತ್ತನಾಲ್ಕು ಮೆಟ್ಟಿಲು, ಮೇಲೆ ತಾರಸಿಗೆ ಹದಿನಾಲ್ಕೇ. ಶಂಕ್ರಮ್ಮ ತಾರಸಿಯನ್ನೆಲ್ಲ ಸುತ್ತಿ ನೋಡಿ, ಯಾವ ಕಾಲೂ ತುಳಿಯಲು ಸಾಧ್ಯವಿಲ್ಲದ ಒಂದು ಜಾಗವನ್ನು ಹುಡುಕಿಯೇಬಿಟ್ಟಳು. ಅದು ಮೂಲೆಯ ಗೋಡೆಯ ಬುಡದಲ್ಲಿ ಮಳೆನೀರು ಹೋಗುವ ಪೈಪಿನ ಬಾಯಿ. ಅದಕ್ಕಿದ್ದ ಜಾಲರಿಯನ್ನು ಬಣ್ಣ ಹೊಡೆಯಲು ಬಂದವರು ಕಿತ್ತವರು ಮತ್ತೆ ಹಾಕಿರಲಿಲ್ಲ. ಎಷ್ಟು ಚೊಕ್ಕ ಜಾಗ ಎಂದುಕೊಂಡು ಶಂಕ್ರಮ್ಮ ಗಂಡ ವಾಕಿಂಗ್ ಹೋದ ಹೊತ್ತಿನಲ್ಲಿ ದಿನವೂ ಅದರೊಳಗೆ ಹೂವು, ಪತ್ರೆ, ಹಾರದ ನೂಲು, ತುಪ್ಪದ ಬತ್ತಿಯ ತುಂಡು ಎಲ್ಲವನ್ನೂ ಭಕ್ತಿಯಿಂದ ತಳ್ಳಿ, ಮೇಲೊಂದಿಷ್ಟು ವಿಭೂತಿಯ ನೀರನ್ನೂ ಹೊಯ್ದು ಬರತೊಡಗಿದಳು. ಬೇಸಿಗೆಯುದ್ದಕ್ಕೂ ಯಾವ ತೊಂದರೆಯೂ ಆಗಲಿಲ್ಲ. ನೂಲು, ತುಪ್ಪ, ವಿಭೂತಿ ಮೂರೂ ಸೇರಿದರೆ ಎಂಥ ಗಟ್ಟಿ ಗಾರೆಯಾಗುತ್ತದೆ ಎಂದು ಇಡೀ ಸಿವಿಲ್ ಇಂಜಿನಿಯರಿಂಗಿಗೇ ಗೊತ್ತಿಲ್ಲ, ಪಾಪ, ಶಂಕ್ರಮ್ಮನಿಗೆ ಹೇಗೆ ಗೊತ್ತಿರಬೇಕು.

ದೀಪಾವಳಿ ಕಳೆದ ವಾರ ಮಳೆ ಹಿಡಿಯಿತು. ತಮಿಳರ ಐಪ್ಪಸಿ ತಿಂಗಳಲ್ಲಿ ಚೆನ್ನೈಯ ಮಳೆ ಹನಿಯುವುದಿಲ್ಲ, ಸುರಿಯುತ್ತದೆ. ಎರಡು ದಿನದಲ್ಲಿ ತಾರಸಿಯ ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಗುರುವಾರ ಬೆಳಿಗ್ಗೆ ಶಂಕ್ರಮ್ಮನ ಪಡಸಾಲೆಯ ಗೋಡೆಯಲ್ಲಿ, ಸೋಮಲಿಂಗಪ್ಪನವರ ನಿವೃತ್ತಿಯ ಸನ್ಮಾನಪತ್ರದ ಹಿಂದೆಯೇ, ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಮನೆಯ ಸೌರಿರಾಜನ್ ಏದುಸಿರು ಬಿಡುತ್ತ ಹತ್ತಿ ಬಂದರು. ಅವರು ಕಟ್ಟಡದ ಸಂಘದ ಕಾರ್ಯದರ್ಶಿ. ಪೈಪಿನ ಸಂದಿನಿಂದ ನೀರಿಳಿದು ಅವರ ಕೋಣೆಯ ಗೋಡೆಯೊಳಗಿನ ಬೀರು ನೆನೆದಿತ್ತು, ಹೆಂಡತಿಯ ನಾಲ್ಕು ಕಂಚಿ ಸೀರೆಗಳ ಮೇಲೆ ಬೂಷ್ಟು ಬಂದಿತ್ತು. ಸೀರೆಯ ವಿಷಯವಾದ್ದರಿಂದ ಅವರಿಗೆ ಮನೆಯಲ್ಲಿ ನಿಲ್ಲುವ ಹಾಗಿರಲಿಲ್ಲ.

ಸೋಮಲಿಂಗಪ್ಪನವರ ಕಣ್ಣಲ್ಲಿ ಏಳು ವರ್ಷದಿಂದ ಆರಿದ್ದ ದೀಪ ಹೊತ್ತಿಕೊಂಡಿತು. ಹಳೆಯ ಕ್ಲಿಪ್ ಬೋರ್ಡು ಹುಡುಕಿದರು. ಗೋಡೆ ಬಡಿದರು, ಆಲಿಸಿದರು. ಕೊಡೆ ಹಿಡಿದು ತಾರಸಿಗೆ ಹೋಗಿ ಮೊಬೈಲಿನಲ್ಲಿ ಇಪ್ಪತ್ತೇಳು ಫೋಟೋ ತೆಗೆದರು. ಶುಕ್ರವಾರ ಬೆಳಿಗ್ಗೆ ಕಾರ್ಯದರ್ಶಿಯ ಮುಂದೆ ತೀರ್ಪು ಹೊರಬಿತ್ತು. ಪೈಪಿನ ಹತ್ತಿರ ಇರುವುದು ಭವಾನಿಯ ಕುಂಡಗಳು. ಕುಂಡದ ಮಣ್ಣು, ಎಲೆ ಕೊಚ್ಚಿಕೊಂಡು ಹೋಗಿ ಪೈಪು ಕಟ್ಟಿದೆ. ಭಾನುವಾರ ಹತ್ತು ಗಂಟೆಗೆ ಎಲ್ಲರ ಎದುರು ಪೈಪು ಬಿಚ್ಚುವುದು, ಕುಂಡದ ಕಸ ಬಂದರೆ ಸಂಜೆಯೊಳಗೆ ಮೂವತ್ತೆರಡು ಕುಂಡವೂ ಕೆಳಗಿಳಿಯಬೇಕು. ಸೌರಿರಾಜನ್ ಅಲ್ಲೇ ನೋಟೀಸು ಬರೆದು ಅಂಟಿಸಿದರು.

ಊಟದ ಹೊತ್ತಿಗೆ ಗಂಡ ಪೈಪು ಬಿಚ್ಚುವ ಮಾತನ್ನು ಮೀಸೆ ತಿರುವುತ್ತ ಹೇಳಿದಾಗ ಶಂಕ್ರಮ್ಮ ಬಡಿಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಮಣ್ಣ ಐತಿ ಅಂತ ಹೆಂಗ ಹೇಳ್ತೀರಿ? ನೀವೇನು ಕೈ ಹಾಕಿ ನೋಡೀರೇನು?"

"ಕಸಕ್ಕೇನು ಕಾಲದಾವೇನು?" ಎಂದರು ಸೋಮಲಿಂಗಪ್ಪನವರು, ಸಾರನ್ನು ಸುರ್ರೆನ್ನಿಸುತ್ತ. "ಯಾರೋ ಹಾಕಿರ್ತಾರ."

ಆ ಯಾರೋ ಎದುರಿಗೇ ಸೌಟು ಹಿಡಿದು ನಿಂತಿದ್ದಳು.

ಹೇಳಿಬಿಡಬಹುದಿತ್ತು. ಆದರೆ ಹೇಗೆ ಹೇಳುವುದು? ಇಡೀ ಕಟ್ಟಡದಲ್ಲಿ ಯಾರ ಮನೆಯ ಬಾಗಿಲಲ್ಲಿ ಕಸವಿದೆ ಎಂದು ಎಣಿಸಿ ಹೇಳುವ ಹೆಂಗಸು ತಾನು. ಬೆಳಿಗ್ಗೆ ನೋಟೀಸು ಓದಿ ಬಂದ ಮೂರು ಮನೆಯವರಿಗೆ, ಅವರ ಮಾತು ಪೂರ್ತಿ ಕೇಳಿಸಿಕೊಳ್ಳದೆಯೇ, ಹೂಂ, ಕುಂಡ ಇಟ್ಟರೆ ಹಾಗೇ ಎಂದು ತಲೆಯಾಡಿಸಿಯೂ ಆಗಿತ್ತು. ಅದಕ್ಕಿಂತ ಸುಮ್ಮನೆ ಪೈಪನ್ನು ತಾನೇ ಬಿಡಿಸಿಬಿಟ್ಟರೆ? ನೀರು ಹೋದರೆ ಕೇಳುವವರ್ಯಾರು? ಊಟ ಮುಗಿಸಿ ಗಂಡ ಗೊರಕೆ ಹೊಡೆಯತೊಡಗಿದ ಮೇಲೆ ಶಂಕ್ರಮ್ಮ ಸಾರಿನ ಸೌಟನ್ನೇ ತೊಳೆದು ಸೆರಗಿನಲ್ಲಿ ಮುಚ್ಚಿಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿದಳು. ಮನೆಯಲ್ಲಿದ್ದ ಉದ್ದ ಹಿಡಿಯ ಸಾಮಾನೆಂದರೆ ಅದೊಂದೇ.

ನೀರಿನಲ್ಲೇ ಕುಕ್ಕರಿಸಲು ಹೋದರೆ ಮೊಣಕಾಲು ಒಪ್ಪಲಿಲ್ಲ. ಭವಾನಿಯದೇ ಒಂದು ಖಾಲಿ ಕುಂಡ ಬೋರಲು ಹಾಕಿ ಅದರ ಮೇಲೆ ಕೂತಳು. ಮೊಣಕೈ ತನಕ ನೀರಿನಲ್ಲಿಳಿಸಿ, ಪೈಪಿನ ಬಾಯಿಗೆ ಸೌಟು ಹಾಕಿ ಕೆದಕಿದಳು. ಒಂದಿಷ್ಟು ಕೊಳೆತ ಹೂವು ಬಂತು. ಶಿವನೇ ಎಂದು ಇನ್ನೊಂದಿಷ್ಟು ಒಳಗೆ ತಳ್ಳಿದಳು. ತುಪ್ಪದ ಜಿಡ್ಡಿಗೆ ಹಿಡಿ ಜಾರಿತು. ಗುಳುಂ ಎಂದು ಸದ್ದಾಗಿ ಸೌಟು ಗೋಡೆಯಾಚೆಯ ಪೈಪಿನ ತಿರುವಿನೊಳಕ್ಕೆ ಹೋಗಿ ಕೂತಿತು. ಅದುವರೆಗೆ ತೊಟ್ಟು ತೊಟ್ಟಾಗಿಯಾದರೂ ಹೋಗುತ್ತಿದ್ದ ನೀರು ಈಗ ಪೂರ್ತಿ ನಿಂತುಹೋಯಿತು. ಶಂಕ್ರಮ್ಮ ಐದು ನಿಮಿಷ ಅಲ್ಲೇ ಕೂತು, ಅತ್ತರೆ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ ಕೆಳಗೆ ಬಂದಳು.

ಶನಿವಾರ ಏಳು ಗಂಟೆಗೆ ಭವಾನಿ ಎಂದಿನಂತೆ ಬಂದಳು. ಬಾಳೆಲೆಯಲ್ಲಿ ಹೂವು ದಿನಕ್ಕಿಂತ ಹೆಚ್ಚಾಗಿಯೇ ಇತ್ತು.

"ಇರೋದೆಲ್ಲಾ ಕಿತ್ಕೊಂಡು ಬಂದೆ ಆಂಟಿ. ನಾಳೆ ಆದ್ಮೇಲೆ ಇರುತ್ತೋ ಇಲ್ವೋ. ಕೆಳಗಡೆ ಬಿಸಿಲೇ ಬೀಳಲ್ಲ, ನಂದಿಬಟ್ಟಲು ಉಳಿಯಲ್ಲ."

"ಹಂಗ್ಯಾಕ ಅಂತೀಯವಾ, ಮಣ್ಣ ಬರಂಗಿಲ್ಲ ಬಿಡು."

"ಅಂಕಲ್ ಹೇಳಿದ್ಮೇಲೆ ಬಂದೇ ಬರುತ್ತೆ," ಎಂದು ಭವಾನಿ ನಕ್ಕಳು. ಅವಳ ಕಣ್ಣು ನಗಲಿಲ್ಲ. ಶಂಕ್ರಮ್ಮ ಆ ಹೂವನ್ನು ಲಿಂಗದ ಕಡೆ ನೇರ ನೋಡದೆಯೇ ಏರಿಸಿದಳು. ತೆಗೆದ ನಿರ್ಮಾಲ್ಯವನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಒಲೆಯ ಹಿಂದೆ ಬಚ್ಚಿಟ್ಟಳು.

ಮಧ್ಯಾಹ್ನ ಸಾರನ್ನು ಚಹಾದ ಲೋಟದಿಂದ ಬಡಿಸಿದಾಗ ಸರ್ವೇಯರರ ಹುಬ್ಬು ಮೇಲೇರಿತು.

"ಸೌಟೆಲ್ಲೈತಿ?"

ಶಂಕ್ರಮ್ಮ ಜೀವಮಾನದಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿಲ್ಲವೆಂದಲ್ಲ. ಆದರೆ ಅವೆಲ್ಲ ಯೋಚಿಸಿ ಹೇಳಿದವು. ಇದು ಯೋಚಿಸುವ ಮೊದಲೇ ಬಾಯಿಂದ ಜಿಗಿಯಿತು.

"ಭವಾನಿ ಒಯ್ದಾಳ. ಅವರ ಮನ್ಯಾಗ ಯಾರೋ ಊಟಕ್ಕ ಬಂದಾರಂತ."

ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಹತ್ತಕ್ಕೆ ತಾರಸಿಯ ಮೇಲೆ ಎಂಟು ಮನೆಯವರೂ ಸೇರಿದರು. ಸೋಮಲಿಂಗಪ್ಪನವರು ಇಸ್ತ್ರಿ ಶರಟು ಹಾಕಿ, ಕ್ಲಿಪ್ ಬೋರ್ಡು ಹಿಡಿದು ನಿಂತಿದ್ದರು. ಗಂಡ ಡ್ಯೂಟಿಗೆ ಹೋಗಿದ್ದರಿಂದ ಭವಾನಿ ಒಬ್ಬಳೇ ತನ್ನ ಬಿಲ್ವದ ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದಳು. ಶಂಕ್ರಮ್ಮ ಕಾಲು ನೋವೆಂದು ಮೇಲಿನ ಮೆಟ್ಟಿಲಿನಲ್ಲೇ ಕೂತಳು, ಅಲ್ಲಿಂದ ಎಲ್ಲ ಕಾಣುತ್ತಿತ್ತು, ಬೇಕಾದರೆ ಇಳಿದು ಓಡಲೂಬಹುದಿತ್ತು.

ಪ್ಲಂಬರ್ ಕದಿರವೇಲು ಗೋಡೆಯಾಚೆ ಬಗ್ಗಿ ಪೈಪಿನ ತಿರುವನ್ನು ಬಿಚ್ಚಿದ. ಎರಡು ದಿನದ ನೀರು ಒಮ್ಮೆಗೇ ಹೊರಬಿದ್ದು ಕೆಳಗೆ ನಿಲ್ಲಿಸಿದ್ದ ಸೌರಿರಾಜನ್ನರ ಸ್ಕೂಟರಿನ ಸೀಟಿನ ಮೇಲೆ ಧಬಧಬನೆ ಸುರಿಯಿತು. ಕದಿರವೇಲು ಕಸದ ಒಂದು ಉದ್ದ ಉಂಡೆಯನ್ನು ಎಳೆದು ತಾರಸಿಯ ಮೇಲೆ ಹಾಕಿದ. ಸೋಮಲಿಂಗಪ್ಪನವರು ಪೆನ್ನಿನ ತುದಿಯಿಂದ ಬಿಡಿಸಿ ತೋರಿಸುತ್ತ ಹೋದರು.

"ಇದು ನಂದಿಬಟ್ಟಲು. ಇದು ಕಣಗಿಲೆ. ಇದು ಬಿಲ್ವಪತ್ರೆ. ಇಡೀ ಕಟ್ಟಡದಲ್ಲಿ ಇವು ಮೂರೂ ಇರುವುದು ಯಾರ ಹತ್ತಿರ?" ಎಂದು ಅವರು ಕೇಳಿದ್ದು ತಮಿಳಿನಲ್ಲಿ, ಎಲ್ಲರಿಗೂ ಅರ್ಥವಾಗಲೆಂದು. ಭವಾನಿ ಬಿಲ್ವದ ಒಂದು ಎಲೆಯನ್ನು ಹಿಡಿದು ನಿಂತಿದ್ದಳು.

ಅಷ್ಟರಲ್ಲಿ ಕದಿರವೇಲು, ಇನ್ನೊಂದಿದೆ ಸಾರ್ ಎಂದು ತಿರುವಿನೊಳಗಿಂದ ಹೊಳೆಯುವುದೇನನ್ನೋ ಜಗ್ಗಿ ತೆಗೆದ. ಹಿಡಿ ಸೊಟ್ಟಗಾಗಿದ್ದ ಸೌಟು. ಸೌರಿರಾಜನ್ ಅದನ್ನು ತಿರುಗಿಸಿ ನೋಡಿ, ಇದ್ಯಾವ ಅಕ್ಷರವೋ ತಮಗೆ ತಿಳಿಯದೆ, ಸೋಮಲಿಂಗಪ್ಪನವರ ಕೈಗೆ ಕೊಟ್ಟರು. ಅವರು ತಮ್ಮ ಹೆಸರನ್ನು ತಾವೇ ಎರಡು ಸಲ ಓದಿದರು. ಆಮೇಲೆ ಮುಖ ಅರಳಿತು.

"ನೋಡಿ, ಇದು ನಮ್ಮ ಸೌಟು. ನಿನ್ನೆ ಭವಾನಿಯವರು ಕಡ ತೆಗೆದುಕೊಂಡು ಹೋದದ್ದು. ಪೈಪು ಕಟ್ಟಿದ್ದು ಗೊತ್ತಾಗಿ, ಕದ್ದು ಬಿಡಿಸಲು ನೋಡಿದ್ದಾರೆ." ಭವಾನಿಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಏನವಾ, ನಮ್ಮ ಸೌಟ ನೀ ಒಯ್ದಿದ್ದಿಲ್ಲೇನು? ನಮ್ಮಾಕಿ ಹೇಳ್ಯಾಳ."

ಭವಾನಿ ಸೌಟನ್ನು ನೋಡಿದಳು. ಉಂಡೆಯೊಳಗಿನ ನೂಲನ್ನು, ಬತ್ತಿಯ ತುಂಡನ್ನು, ಬೆಳ್ಳಗೆ ಮೆತ್ತಿದ್ದ ವಿಭೂತಿಯನ್ನು ನೋಡಿದಳು. ಕೊನೆಗೆ ಮೆಟ್ಟಿಲಿನ ಮೇಲಿದ್ದ ಶಂಕ್ರಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಲಿಲ್ಲ.

"ನಾನು ತಗೊಂಡೆ ಅಂತ ಆಂಟಿ ಹೇಳಿದ್ರಾ ಅಂಕಲ್? ಹಾಗಾದ್ರೆ ತಗೊಂಡಿರ್ತೀನಿ."

ಶಂಕ್ರಮ್ಮನಿಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮೊಣಕಾಲು ಮರೆತೇಹೋಯಿತು. ಎದ್ದು ಬಂದು ಗಂಡನ ಮುಂದೆ ನಿಂತಳು. ತಮಿಳು ಬಾಯಿಗೆ ಬರಲಿಲ್ಲ.

"ಸುಳ್ಳ ಹೇಳೀನ್ರಿ. ಆಕಿ ಒಯ್ದಿಲ್ಲ. ಸೌಟ ಹಾಕಿದಾಕಿ ನಾನು, ಹೂವ ಹಾಕಿದಾಕೀನೂ ನಾನು. ಒಂದ ವರ್ಷದಿಂದ ನಿರ್ಮಾಲ್ಯ ಇದರಾಗ ತುರುಕೀನಿ. ಕಾಲ ತುಳೀಬಾರದಂತ ಹಾಕಿದೆ. ಹೂವ ಕೊಟ್ಟಿದ್ದಷ್ಟ ಆಕಿ ತಪ್ಪು. ಬರೀರಿ ನನ್ನ ಹೆಸರ."

ಸುತ್ತ ನಿಂತವರಿಗೆ ಒಂದು ಪದವೂ ಅರ್ಥವಾಗಲಿಲ್ಲ. "ಅಮ್ಮಾ ಎನ್ನ ಸೊಲ್ರಾಂಗ ಸಾರ್?" ಎಂದು ಸೌರಿರಾಜನ್ ಕೇಳಿದರು. ಅಮ್ಮ ಏನು ಹೇಳುತ್ತಿದ್ದಾರೆಂದು ತಿಳಿಸಬಲ್ಲವರು ಅಲ್ಲಿ ಇಬ್ಬರೇ. ಭವಾನಿ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಶಂಕ್ರಮ್ಮ ನಲವತ್ತನಾಲ್ಕು ವರ್ಷದಲ್ಲಿ ಗಂಡನ ಮುಖವನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಏನಾದರೂ ಹೇಳಬಹುದಿತ್ತು ಅವರು. ಕಾಲು ನೋವಂತೆ ಎನ್ನಬಹುದಿತ್ತು.

ಅವರು ಕ್ಲಿಪ್ ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿ, ಶರಟಿನ ತೋಳು ಮಡಚಿ, ಬಗ್ಗಿ, ಪೈಪಿನ ಬಾಯೊಳಗೆ ಕೈಯನ್ನು ಮೊಣಕೈ ತನಕ ಹಾಕಿ, ಉಳಿದಿದ್ದನ್ನು ಬಾಚಿ ತೆಗೆದರು. ಹಾರದ ನೂಲು ಬೆರಳಿಗೆ ಸುತ್ತಿಕೊಂಡಿತ್ತು. ಎದ್ದು ನಿಂತು ತಮಿಳಿನಲ್ಲಿ, ರಿಪೋರ್ಟು ಓದುವ ದನಿಯಲ್ಲಿ ಹೇಳಿದರು.

"ಪೈಪು ಕಟ್ಟಿರುವುದು ನಮ್ಮ ಮನೆಯ ಪೂಜೆಯ ಹೂವಿನಿಂದ. ಹಾಕಿದವರು ನನ್ನ ಹೆಂಡತಿ. ಸೌಟು ನಮ್ಮದು, ಅದನ್ನೂ ಅವರೇ ಹಾಕಿದ್ದಾರೆ. ಮಣ್ಣು ಒಂದು ಹಿಡಿಯೂ ಬಂದಿಲ್ಲ. ಕುಂಡ ಇಟ್ಟವರ ತಪ್ಪೇನಿಲ್ಲ. ಕೈ ಹಾಕಿ ನೋಡದೆ ಹೇಳಿದ್ದು ನನ್ನ ತಪ್ಪು."

ಸೌರಿರಾಜನ್ ನೋಟೀಸನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಸೀರೆಯ ವಿಷಯವನ್ನು ಹೆಂಡತಿಗೆ ಹೇಗೆ ಹೇಳುವುದೆಂಬ ಚಿಂತೆಯಲ್ಲಿ ಅವರು ಬೇಗ ಇಳಿದುಹೋದರು. ಮನೆಗೆ ಬಂದು ಗಂಡ ಊಟಕ್ಕೆ ಕೂತಾಗ ಶಂಕ್ರಮ್ಮ ಸೊಟ್ಟ ಸೌಟಿನಿಂದ ಸಾರು ಬಡಿಸಲು ಹೋದರೆ ಅರ್ಧ ಸಾರು ತಟ್ಟೆಯ ಹೊರಗೇ ಬಿತ್ತು.

"ಇದಕ್ಕ ಪಾಲಿಸಿ ಐತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಮನೆಯವರ ನಿಷ್ಕಾಳಜಿ," ಎಂದರು ಸೋಮಲಿಂಗಪ್ಪನವರು. "ಕೊಡಾಕ ಬರಂಗಿಲ್ಲ." ಹೇಳಿ, ತಟ್ಟೆಯನ್ನು ತಾವೇ ಒಂದಿಷ್ಟು ಮುಂದಕ್ಕೆ ಸರಿಸಿ ಹಿಡಿದರು.

ಸೋಮವಾರ ಆರೂಮುಕ್ಕಾಲಿಗೇ ಶಂಕ್ರಮ್ಮ ಬಾಗಿಲು ತೆಗೆದಿಟ್ಟು ಕೂತಳು. ಏಳಾಯಿತು. ಏಳೂಹತ್ತಾಯಿತು. ಎದುರಿನ ಬಾಗಿಲು ತೆರೆಯಲಿಲ್ಲ. ಯಾಕೆ ಬರಬೇಕು ಅವಳು, ಹೂವು ಕೊಟ್ಟವಳ ಮೇಲೇ ತಪ್ಪು ಹೊರಿಸಿದವಳ ಮನೆಗೆ? ಇನ್ನು ಮೇಲೆ ಶಿವನಿಗೆ ನೀರು, ವಿಭೂತಿ ಅಷ್ಟೇ ಎಂದು ಕಣ್ಣೊರೆಸಿಕೊಂಡು ಏಳುವಷ್ಟರಲ್ಲಿ ತಾರಸಿಯ ಮೆಟ್ಟಿಲಿನಿಂದ ಹೆಜ್ಜೆಯ ಸದ್ದು ಕೇಳಿಸಿತು. ಭವಾನಿ ಇಳಿದು ಬಂದಳು. ಕೈತುಂಬ ಮಣ್ಣು, ಬಾಳೆಲೆಯಲ್ಲಿ ಹೂವು.

"ತಡ ಆಯ್ತು ಆಂಟಿ. ಬಿಲ್ವದ ಬುಡ ಅಗೀತಿದ್ದೆ. ಇವತ್ತಿಂದ ನಿಮ್ಮ ನಿರ್ಮಾಲ್ಯ ಆ ಡ್ರಮ್ಮಿಗೇ ಹಾಕಿ, ಅಲ್ಲಿ ಯಾರೂ ತುಳಿಯಲ್ಲ. ಗಿಡಕ್ಕೂ ಗೊಬ್ಬರ ಆಗುತ್ತೆ."

ಶಂಕ್ರಮ್ಮ ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಭವಾನಿ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. ಈ ಸಲ ಅವಳ ಕಣ್ಣೂ ನಗುತ್ತಿತ್ತು.

"ಆಂಟಿ, ಮಣ್ಣು ಕೆದಕೋಕೆ ಏನೂ ಇಲ್ಲ. ಒಂದು ಸೌಟು ಕಡ ಕೊಡ್ತೀರಾ? ಸೊಟ್ಟ ಇದ್ರೂ ಪರವಾಗಿಲ್ಲ."

ಶನಿವಾರ ಬಾಯಿಂದ ಜಿಗಿದಿದ್ದ ಸುಳ್ಳು ಹೀಗೆ ಎರಡು ದಿನ ತಡವಾಗಿ ನಿಜವಾಯಿತು. ಸೌಟು ಇವತ್ತಿಗೂ ವಾಪಸ್ಸು ಬಂದಿಲ್ಲ. ಬಿಲ್ವದ ಡ್ರಮ್ಮಿನ ಮಣ್ಣಿನಲ್ಲಿ ನಾಟಿ ನಿಂತಿದೆ. ಸೋಮಲಿಂಗಪ್ಪನವರು ದಿನಾ ಬೆಳಿಗ್ಗೆ ನಿರ್ಮಾಲ್ಯದ ಡಬ್ಬಿ ಹಿಡಿದು ಹೋಗಿ, ತಮ್ಮ ಹೆಸರಿರುವ ಸೌಟಿನ ಹಿಡಿಯನ್ನು ಹಿಡಿದು ಆ ಹೂಪತ್ರೆಯನ್ನು ಮಣ್ಣಿನಲ್ಲಿ ಮುಚ್ಚಿ, ಬರುವಾಗ ಪೈಪಿನ ಬಾಯೊಳಗೆ ಒಮ್ಮೆ ಕೈ ಹಾಕಿ ನೋಡಿ ಬರುತ್ತಾರೆ.